ಹುಬ್ಬಳ್ಳಿಗೆ ಮುಯ್ಯಾಳು

ಎಂಬತ್ತರ ದಶಕದ ನಡುಭಾಗ. ನಾನು ಮೊರಬದ ನಮ್ಮ ಕೇರಿಯ ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಅವ್ವ ಇದ್ದಕ್ಕಿದ್ದಂತೆ ಊಟಕ್ಕೆ ದೂರ ಕೂರತೊಡಗಿದಳು. ನೀರನ್ನೂ ಬೊಗಸೆಯೊಡ್ಡಿ, ಮೇಲಿಂದ ಹಾಕಿಸಿಕೊಂಡು ಕುಡಿಯುವಳು. ನನಗೆ ಮೈಯೆಲ್ಲ ಉರಿಯಿತು. ಮೇಲಿನ ಓಣಿಯವರು ಹಾಗೆ ನೀರು ಹಾಕುವ ಅವಮಾನ ಸಾಕಾಗಿಯೇ ನಮ್ಮಪ್ಪ ಬದುಕಿದ್ದಾಗ ಬುದ್ಧನ ದಾರಿ ಹಿಡಿದಿದ್ದ. ಈಗ ಸ್ವಂತ ಮನೆಯಲ್ಲೇ ಇದೆಂಥ ಮಡಿ?

"ಏನಾಗೇತಿ ಬೇ ನಿನಗ?" ಎಂದು ಕೂಗಾಡಿದೆ.

ಅವ್ವ ಬಾಯಿ ತೆರೆದು ತೋರಿಸಿದಳು. ತಂಬಾಕು ಇಟ್ಟುಕೊಳ್ಳುತ್ತಿದ್ದ ಕೆನ್ನೆಯೊಳಗೆ ಹುಣ್ಣಾಗಿತ್ತು. "ನಿನಗ ಹತ್ತೀತಂತ ದೂರ ಕುಂತೇನಿ," ಎಂದಳು.

ಹುಬ್ಬಳ್ಳಿಯ ಡಾಕ್ಟರು ಕ್ಯಾನ್ಸರ್ ಎಂದರು. ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ, ಕರೆಂಟು, ಅಂದರೆ ವಿಕಿರಣ ಕೊಟ್ಟರೆ ವಾಸಿಯಾಗಬಹುದು, ಆದರೆ ವಾರಗಟ್ಟಲೆ ದಿನಾ ಬರಬೇಕು, ಜೊತೆಗೊಬ್ಬರು ಇರಲೇಬೇಕು ಎಂದರು.

ಜೊತೆಗೆ ಯಾರು? ನಾನು ಬಾಲವಾಡಿ ತಪ್ಪಿಸಿದರೆ ಕೆಲಸ ಹೋಗುತ್ತಿತ್ತು. ಕೂಲಿ ಬಿಟ್ಟರೆ ಯಾರ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಇಂಥ ರೋಗ ಬಂದ ನಮ್ಮ ಕೇರಿಯವರು ಸುಮ್ಮನೆ ಮೂಲೆ ಹಿಡಿದು ಮಲಗಿ ಸಾಯುತ್ತಿದ್ದರು. "ಸಾಕ್ ಬಿಡು," ಎಂದು ಅವ್ವನೂ ಗೋಡೆಯ ಕಡೆ ತಿರುಗಿ ಮಲಗಿದಳು.

ಸುದ್ದಿ ತಿಳಿದು ಬಾಜೂ ಮನೆಯ ಕಾಕಿ ಬಂದಳು. ಕಳೆ ತೆಗೆಯುವ ಹೆಂಗಸರ ಗುಂಪಿಗೆ ಅವಳೇ ಯಜಮಾನಿ, ಬಾಯಿ ಬೊಂಬಾಯಿ. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ, ಅವ್ವ ಅರ್ಧ ಕುಡಿದಿಟ್ಟ ಚಹಾದ ಲೋಟ ಎತ್ತಿ ಗಟಗಟನೆ ಕುಡಿದಳು.

"ಹತ್ತೂ ರೋಗ ಅಲ್ಲಂದ ಮ್ಯಾಲ ಯಾಕ ಅಂಜ್ತಿ? ಮುಯ್ಯಾಳು ಹಚ್ಚೂಣು. ದಿನಾ ಒಬ್ಬಾಕಿ ನಿನ್ ಕೂಡ ಹುಬ್ಬಳ್ಳಿಗಿ. ಆಕಿ ಸಾಲಿನ ಕಳೆ ಉಳಿದವರು ತಗೀತೇವಿ, ಆಕಿ ಕೂಲಿ ತಪ್ಪಂಗಿಲ್ಲ."

ನಿನ್ನ ಹೊಲದಲ್ಲಿ ನಾನು ದುಡಿದರೆ ನನ್ನ ಹೊಲದಲ್ಲಿ ನೀನು ದುಡಿದು ತೀರಿಸುವುದು ಮುಯ್ಯಾಳು. ಅದು ಆಸ್ಪತ್ರೆಗೂ ಹೋದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಹುಬ್ಬಳ್ಳಿ ನೋಡುವ ಆಸೆಗೆ ಪಾಳಿಗಾಗಿ ಜಗಳಗಳೂ ಆದವು. ಕರೆಂಟಿಗೆ ಅವ್ವನ ಕೆನ್ನೆ ಕಪ್ಪಿಟ್ಟಿತು, ಗಂಜಿಯೂ ಇಳಿಯದಾಯಿತು. ಒಮ್ಮೆ ಬಸ್ಸಿನಿಂದ ಇಳಿದೇ ಬಿಡುತ್ತೇನೆಂದು ಅತ್ತಳಂತೆ. ಜೊತೆಗಿದ್ದವಳು ಸೆರಗು ಹಿಡಿದೆಳೆದು ಕೂರಿಸಿ, "ಅಲ್ಲಿ ನನ್ನ ಸಾಲಿನ ಕಳೆ ಮಂದಿ ತಗ್ಯಾಕತ್ತಾರ. ಅವರಿಗೇನ ಹೇಳ್ಲಿ?" ಎಂದಳಂತೆ.

ಹುಣ್ಣು ಮಾಯಿತು. ಅವ್ವ ಮತ್ತೆ ಹೊಲಕ್ಕೆ ಹೋದ ದಿನ ಬಾಲವಾಡಿಗೆ ರಜೆಯಿತ್ತು, ನಾನೂ ಹೋಗಿದ್ದೆ. ಬುತ್ತಿ ಬಿಚ್ಚುವ ಮೊದಲೇ ಅವಳು ತನ್ನಂತೆಯೇ ತಂಬಾಕು ಇಟ್ಟುಕೊಳ್ಳುವ ಆ ಹೆಂಗಸರೆಲ್ಲರನ್ನೂ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ಬಾಯಿ ತೆರೆಸಿದಳು. ನಗುನಗುತ್ತ ತೆರೆದರು. ಕಾಕಿ ಮಾತ್ರ ತುಟಿ ಬಿಗಿದು ನಿಂತಳು. ಊರಿಗೆಲ್ಲ ಬೈಯುವ ಬಾಯಿ, ತೆರೆಯಲೊಲ್ಲದು. ಅವ್ವ ಗದ್ದ ಹಿಡಿದು ತೆರೆಸಿದಳು. ಒಳಗೆ ಬಿಳಿ ಮಚ್ಚೆಯಿತ್ತು, ಇನ್ನೂ ಹುಣ್ಣಾಗಿರಲಿಲ್ಲ.

"ನಾಳಿ ಮೊದಲನೇ ಬಸ್ಸಿಗಿ ಹೋಗೂಣು. ನಾ ಬರ್ತೇನಿ," ಎಂದಳು ಅವ್ವ.

"ನನಗ ಅಂಜಿಕಿ ಬರ್ತೈತಿ ಬೇ," ಎಂದಳು ಕಾಕಿ. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅವ್ವ ಅವಳ ಕೈ ಹಿಡಿದುಕೊಂಡಳು. "ಅಂಜ್ಕೋಂತನ ಬಾ."