ಕೆಂಪು ಗೆರೆ ನಿಂತ ಒಂಬತ್ತು ದಿನ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಚಾದರಕ್ಕ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಒಗೆದು ಹಿಂಡಿದ ಚಾದರದ ಎರಡು ಮೂಲೆ ಅವಳು ಹಿಡಿಯಬೇಕು, ಇನ್ನೆರಡು ಮೂಲೆ ಎದುರಿನವಳು ಹಿಡಿಯಬೇಕು, ಬಿಗಿಯಾಗಿ ಎಳೆದು ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಕೊಡಬೇಕು. ಒಂದು ಮೂಲೆ ಮಡಚಿತೋ, ಆ ಸುಕ್ಕು ಸಾಯುವವರೆಗೂ ಹೋಗುವುದಿಲ್ಲ. ಬೆಳಿಗ್ಗೆ ಆರರಿಂದ ಎರಡರವರೆಗೆ ನಿಂತೇ ಇರುವ ಕೆಲಸ. ಮೂರಕ್ಕೆ ಮನೆ ಸೇರಿದರೆ ಅವಳು ಮೊದಲು ಮಾಡುವುದು ಕಾಲು ಮೇಲಿಟ್ಟುಕೊಂಡು ಟಿವಿ ಹಾಕುವುದು. ಊಟ ಆಮೇಲೆ.

ಟಿವಿ ಹಳೆಯದು. ಅದರ ಹಿಂದೆ ಸಿಕ್ಕಿಸಿದ, ಇಂಟರ್ನೆಟ್ಟಿನಿಂದ ಸಿನಿಮಾ ತೋರಿಸುವ ಸ್ಟಿಕ್ಕು ಮಾತ್ರ ಹೊಸಕಾಲದ್ದು. ಯಾವುದೋ ರಿಯಾಯಿತಿಯಲ್ಲಿ ಒಂದರ ಬೆಲೆಗೆ ಎರಡು ಸಿಕ್ಕಿತೆಂದು ಅವಳ ಅಣ್ಣ ತಂದಿದ್ದ. ಅಣ್ಣ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಅವನಿರುವುದು ಮೂರನೇ ಮಹಡಿ, ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ, ಹಣೆಬರಹ ನೋಡಿ! ಒಂದು ಸ್ಟಿಕ್ಕನ್ನು ತನ್ನ ಮನೆಗೆ ಹಾಕಿಕೊಂಡು ಇನ್ನೊಂದನ್ನು ತಾನೇ ಬಂದು ತಂಗಿಯ ಟಿವಿಗೆ ಸಿಕ್ಕಿಸಿದ. "ನಂದೇ ಅಕೌಂಟು ಹಾಕಿದ್ದೀನಿ ಪುಟ್ಟಿ. ಇಬ್ಬರಿಗೂ ಒಂದು ಸಾಕು" ಎಂದಿದ್ದ. ಹೀಗಾಗಿ ಅಲ್ಲಿ ಅಣ್ಣ ಅರ್ಧ ನೋಡಿ ಬಿಟ್ಟ ಸಿನಿಮಾ ಇಲ್ಲಿ ತಂಗಿಯ ಪರದೆಯ ಮೇಲೂ ಕಾಣುತ್ತಿತ್ತು. ಎಲ್ಲಿಯವರೆಗೆ ನೋಡಿದ್ದಾನೆ ಎಂಬುದಕ್ಕೆ ಚಿತ್ರದ ಕೆಳಗೆ ಒಂದು ಕೆಂಪು ಗೆರೆ.

ಅದಾಗಿ ವರ್ಷ ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಹಾಸಿಗೆ ಹಿಡಿದ ಅಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ. ಒಂದು ಮಧ್ಯಾಹ್ನ ಅಣ್ಣ ಟಿವಿ ಮುಂದೆ ಕೂತಲ್ಲೇ ನಿದ್ದೆಹೋದ. ಎದ್ದು ನೋಡಿದರೆ ಅಮ್ಮನ ಉಸಿರಿಲ್ಲ. ಆ ದಿನ ಚಾದರಕ್ಕ ನೆಂಟರೆಲ್ಲರ ಎದುರು, "ಟಿವಿ ನೋಡ್ತಾ ಕೂತು ಅಮ್ಮನ್ನ ಸಾಯಿಸಿದೆ" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ವರ್ಷವಾಯಿತು, ಅಣ್ಣ ಅವಳ ಫೋನು ಎತ್ತಿಲ್ಲ, ಅವಳು ಅವನ ಮೆಟ್ಟಿಲು ಹತ್ತಿಲ್ಲ.

ಆದರೆ ಅಕೌಂಟನ್ನು ಅವನು ಕಿತ್ತುಹಾಕಲಿಲ್ಲ. ಶಾಲೆಯ ಗೇಟು ಕಾಯುವ ಅವಳ ಗಂಡನಿಗೆ ಅದೊಂದು ತಮಾಷೆ. "ನಿಮ್ಮಣ್ಣ ತಂಗೀನ ಬಿಟ್ಟ, ಪಾಸ್‌ವರ್ಡ್ ಬದಲಾಯಿಸೋಕೆ ಮರೆತ" ಎನ್ನುತ್ತಿದ್ದ. ಮರೆತಿದ್ದಾನೋ ಬೇಕೆಂದೇ ಬಿಟ್ಟಿದ್ದಾನೋ, ಅವಳಿಗೆ ಕೇಳುವ ಧೈರ್ಯವಿರಲಿಲ್ಲ. ದಿನಾ ಮಧ್ಯಾಹ್ನ ಟಿವಿ ಹಾಕಿ ಗೆರೆ ಎಷ್ಟು ಸರಿದಿದೆ ಎಂದು ನೋಡುವಳು. ಸರಿದಿದ್ದರೆ ಸರಿ, ಅಣ್ಣ ಇದ್ದಾನೆ.

ಬರಬರುತ್ತಾ ಅವನು ನೋಡಿದ್ದನ್ನೇ ತಾನೂ ನೋಡುವ ಚಟ ಹತ್ತಿತು. ಅವನಿಗೆ ಗೊತ್ತಾಗಬಾರದಲ್ಲ, ಅದಕ್ಕೊಂದು ಉಪಾಯ. ಅವನು ನಿಲ್ಲಿಸಿದ ನಿಮಿಷವನ್ನು ಮೊದಲು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಳ್ಳುವಳು. ಆಮೇಲೆ ಮೊದಲಿನಿಂದ ನೋಡುವಳು. ಮುಗಿದ ಮೇಲೆ ಗೆರೆಯನ್ನು ಹಿಂದಕ್ಕೆ ಎಳೆದು ಅವನ ನಿಮಿಷಕ್ಕೆ ತಂದು ನಿಲ್ಲಿಸುವಳು. ಕದ್ದ ಪಾತ್ರೆಯನ್ನು ತೊಳೆದು ಜಾಗದಲ್ಲಿಟ್ಟ ಹಾಗೆ. ಸಿನಿಮಾ ಏನು, ಕಥೆ ಏನು, ಅರ್ಧ ತಲೆಗೇ ಹೋಗುತ್ತಿರಲಿಲ್ಲ. ಅಣ್ಣ ಇಲ್ಲಿ ನಕ್ಕಿರುತ್ತಾನೆ, ಇಲ್ಲಿ ಬೈದಿರುತ್ತಾನೆ ಎಂದುಕೊಳ್ಳುವುದೇ ಅವಳ ನೋಡುವಿಕೆ.

ಒಂದು ದಿನ ಎದುರಿನವಳು ರಜೆ ಹಾಕಿದಳು. ನಾಲ್ಕೂ ಮೂಲೆ ಒಬ್ಬಳೇ ಓಡಾಡಿ ಹಿಡಿದು ಚಾದರಕ್ಕ ಹಣ್ಣುಗಾಯಿ ನೀರುಗಾಯಿ ಆದಳು. ಮನೆಗೆ ಬಂದು ಪೆನ್ನು ಹುಡುಕಲೂ ಕೈ ಏಳದೆ, ಆಮೇಲೆ ಬರೆದರಾಯಿತು ಎಂದು ಸಿನಿಮಾ ಹಾಕಿದಳು. ಹೆಸರುಗಳು ಬಂದದ್ದು ಗೊತ್ತು, ಅಷ್ಟೇ. ಗಂಡ ಬಂದು ಭುಜ ಅಲುಗಿಸಿದಾಗ ಆರು ಗಂಟೆ. ಆ ಸಿನಿಮಾ ಮುಗಿದು, ತಾನಾಗಿಯೇ ಶುರುವಾದ ಇನ್ನೊಂದು ಅರ್ಧಕ್ಕೆ ಬಂದಿತ್ತು. ಅಣ್ಣ ನಿಲ್ಲಿಸಿದ್ದು ಇಪ್ಪತ್ತಮೂರಕ್ಕೋ ಮೂವತ್ತೆರಡಕ್ಕೋ, ನೆನಪಿಗೆ ಬರಲೊಲ್ಲದು. ಸಿಕ್ಕಿಬಿದ್ದೆ ಎಂದುಕೊಂಡಳು. ಟಿವಿ ಆರಿಸಿಬಿಟ್ಟಳು.

ಮಾರನೇ ದಿನ ಗೆರೆ ಅವಳು ಬಿಟ್ಟಲ್ಲೇ ಇತ್ತು. ಮೂರನೇ ದಿನವೂ ಹಾಗೇ. ಅಣ್ಣನಿಗೆ ಕೋಪ ಬಂದಿದೆ, ಇನ್ನು ಇದೂ ಹೋಯಿತು ಎಂದುಕೊಂಡಳು. ಐದನೇ ದಿನದ ಹೊತ್ತಿಗೆ ಕೋಪವಾದರೂ ಇರಲಪ್ಪಾ ಎನ್ನುವ ಹಾಗಾಯಿತು. ಕೋಪ ಬಂದವನು ಟಿವಿ ನೋಡುವುದನ್ನೇ ಬಿಡುತ್ತಾನೆಯೇ? ಒಂಟಿ ಮನುಷ್ಯ, ಬಿಪಿ ಬೇರೆ.

"ಒಂದು ಫೋನು ಮಾಡಬಾರದಾ?" ಎಂದ ಗಂಡ.

"ಎರಡು ವರ್ಷದಿಂದ ಎತ್ತಿಲ್ಲ ರೀ. ಈಗಲೂ ಎತ್ತದಿದ್ದರೆ ಏನಂತ ತಿಳ್ಕೊಳ್ಳಲಿ?"

"ಹಾಗಾದರೆ ಹೋಗಿ ಬಾ" ಎಂದ.

ಹೋಗು ಎಂದಷ್ಟು ಸುಲಭವೇ? ಆಡಿದ ಮಾತು ಬಾಗಿಲಿಗೆ ಅಡ್ಡ ಕೂತಿರುತ್ತದೆ. ಹೀಗೆ ಮೀನಮೇಷ ಎಣಿಸುತ್ತಾ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ವಾರದ ರಜೆ. ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬಾಗಿಲು ಬಡಿದಳು. ಸದ್ದಿಲ್ಲ. ಮತ್ತೆ ಬಡಿದಳು. "ದೇವರೇ, ಬೈದರೂ ಪರವಾಗಿಲ್ಲ, ತೆಗೀಲಿ" ಎಂದು ಬಾಯಿಬಿಟ್ಟೇ ಹೇಳಿಕೊಂಡಳು.

ಬಾಗಿಲು ತೆರೆಯಿತು. ಬನಿಯನ್ನಿನಲ್ಲಿದ್ದ ಅಣ್ಣ ವಾರದ ಗಡ್ಡ ಬಿಟ್ಟಿದ್ದ. ಅವಳನ್ನು ಕಂಡವನೇ ಚಿಲಕ ಹಿಡಿದುಕೊಂಡು ನಿಂತುಬಿಟ್ಟ.

"ಬದುಕಿದ್ದೀಯಾ?" ಎಂದ.

ಅದು ಅವಳು ಕೇಳಬೇಕೆಂದು ಬಂದ ಮಾತು. "ನನಗೇನಾಗಿದೆ? ನೀನು ಯಾಕೆ ಒಂಬತ್ತು ದಿನದಿಂದ ಏನೂ ನೋಡಿಲ್ಲ?"

"ನೀನು ಗೆರೆ ವಾಪಸ್ ತರ್ತೀಯ ಅಂತ ಕಾಯ್ತಿದ್ದೆ."

"ನಾನು ನೋಡೋದು ನಿನಗೆ ಗೊತ್ತಾ?"

"ನಲವತ್ತಕ್ಕೆ ಬಿಟ್ಟರೆ ನಲವತ್ತೆರಡಕ್ಕೆ ತಂದು ನಿಲ್ಲಿಸ್ತೀಯ. ಕಳ್ಳತನಾನೂ ನೆಟ್ಟಗೆ ಮಾಡೋಕೆ ಬರಲ್ಲ ನಿನಗೆ." ಅಣ್ಣ ನಗಲಿಲ್ಲ. "ಅವತ್ತು ಕೊನೇವರೆಗೂ ಓಡಿತ್ತು. ಅದರ ಹಿಂದೆ ಇನ್ನೊಂದೂ ಓಡಿತ್ತು. ಸುಸ್ತಾಗಿ ನಿದ್ದೆ ಹೋಗಿದ್ದಾಳೆ, ನಾಳೆ ಸರಿಮಾಡ್ತಾಳೆ ಅಂದ್ಕೊಂಡೆ. ಮಾಡಲಿಲ್ಲ. ಆಮೇಲೆ ಯೋಚನೆ ಎಲ್ಲೆಲ್ಲಿಗೋ ಹೋಯ್ತು."

"ಹಾಗನ್ನಿಸಿದರೆ ಬಂದು ನೋಡಬಾರದಿತ್ತಾ?"

"ಭಯ ಕಣೇ. ನಿದ್ದೆ ಅಂದ್ಕೊಂಡು ಹೋಗಿ ಮುಟ್ಟಿ ನೋಡೋದು, ಅದು ಒಂದು ಸಲ ಆಗಿದೆ ನನಗೆ."

ಒಳಗೆ ಅಮ್ಮನ ಮಂಚ ಇನ್ನೂ ಹಾಗೇ ಇತ್ತು. ಚಾದರಕ್ಕ ಗೋಡೆ ಹಿಡಿದು ನಿಂತಳು.

"ನನಗೂ ನಿದ್ದೆ ಬಂದುಬಿಡ್ತು ಅಣ್ಣಾ" ಎಂದಳು. "ಕೂತಿದ್ದಷ್ಟೇ ಗೊತ್ತು. ಮನೆಗೆ ಬೆಂಕಿ ಬಿದ್ದಿದ್ದರೂ ಏಳ್ತಿರಲಿಲ್ಲ."

ಅಣ್ಣ ಮಂಚದ ಕಡೆ ನೋಡುತ್ತಾ ಹೇಳಿದ. "ನಾಲ್ಕು ದಿನ ಹಗಲೂ ರಾತ್ರಿ ನರಳಿದ್ಲು. ನಾಲ್ಕು ದಿನ ನಾನೂ ಕಣ್ಣು ಮುಚ್ಚಿರಲಿಲ್ಲ. ಅವತ್ತು ಮಧ್ಯಾಹ್ನ ನರಳೋದು ನಿಂತಿತು. ನೋವು ಇಳೀತು, ಅಬ್ಬಾ ಅಂದ್ಕೊಂಡೆ ಪುಟ್ಟಿ. ಅದಕ್ಕೇ ಟಿವಿ ಮುಂದೆ ಬಂದು ಕೂತೆ."

ಇದನ್ನು ಅವಳು ಎಂದೂ ಕೇಳಿರಲಿಲ್ಲ. ಕೇಳುವ ಮೊದಲೇ ತೀರ್ಪು ಕೊಟ್ಟಿದ್ದಳು. "ತಪ್ಪಾಯ್ತು ಅಣ್ಣಾ" ಎಂದಳು. ಅಣ್ಣ ಅಮ್ಮನ ಮಂಚದ ಮೇಲೆ ಕೂತು, ಎರಡು ವರ್ಷದ ಅಳುವನ್ನೆಲ್ಲ ಒಟ್ಟಿಗೆ ಅತ್ತ.