ಸಾರಿಸಿದ ಸಾಗವಾನಿ

ಎಪ್ಪತ್ತರ ದಶಕದಾಗ ನಮ್ಮ ಕಡೆ ಪ್ಲೈವುಡ್ಡು ಇನ್ನೂ ಹೊಸಾದು. ನಾ ಕಟ್ಟಿಗಿ ಅಡ್ಡೆದವರ ಪರವಾಗಿ ಮಾಲು ಮಾರಕೋಂತ ಊರೂರು ತಿರಗತಿದ್ದೆ. ಸಾಲೋಟಗಿಯ ಸಾವಕಾರರೊಬ್ಬರು ಮ್ಯಾಲಿನ ಖೋಲಿಗೆ ಕಟ್ಟಿಗಿ ನೆಲಾ ಹಾಕಸೋರಿದ್ರು. ಅಖಂಡ ಸಾಗವಾನಿಯೋ, ಪದರಾ ಅಂಟಿಸಿದ ಪ್ಲೈವುಡ್ಡೋ, ಅದೇ ಫೈಸಲಾ ಆಗವಲ್ಲದು. ಹೋದಾಗೊಮ್ಮೆ ಚಾ ಕುಡಿಸಿ "ನೋಡೂಣ್ರಿ" ಅಂತ ಕಳಸತಿದ್ರು. ಕಡೀಕ ನನಗ ಸಾಕಾಗಿ, ಎರಡರದೂ ಒಂದೊಂದು ತುಂಡು ಪಡಸಾಲ್ಯಾಗ ಬಾಜೂಕ ಬಾಜೂಕ ಹಾಸಿ, "ಒಂದು ವಾರ ಮ್ಯಾಲ ಅಡ್ಡಾಡ್ರಿ, ಯಾವುದು ತಾಳತೈತಿ ನೀವೇ ನೋಡ್ರಿ" ಅಂತ ಹೇಳಿ ಬಂದೆ.

ಮುಂದಿನ ವಾರ ಹೋದರ ತುಂಡುಗಳು ಎಲ್ಲೂ ಕಾಣವಲ್ಲವು. ಸಾವಕಾರರ ತಾಯಿ ಅವನ್ನೂ ಸೇರಿಸಿ ಇಡೀ ಪಡಸಾಲಿ ಸಗಣಿಲೆ ಸಾರಿಸಿ, ಮ್ಯಾಲ ರಂಗೋಲಿ ಎಳದಿದ್ರು!

"ಏನ್ ಮಾಡಿದ್ರಿ ಅವ್ವಾರ? ಕಟ್ಟಿಗಿ ಯಾರರ ಸಾರಸತಾರೇನ್ರಿ?"

"ನೆಲಾ ಅಂದಮ್ಯಾಲ ಸೋಮವಾರ ಸಾರಸದ ಹೆಂಗ ಬಿಡೂದು? ಆ ಎರಡು ತುಂಡಿನ್ಯಾಗ ಒಂದು ನೀರು ಕುಡದು ಬಾಯಿ ಬಿಟ್ಟಿತ್ತು. ನಾನೇ ಮಣ್ಣು ಮೆತ್ತೇನಿ," ಅಂದ್ರು, ನಾ ಉಪಕಾರ ಮರತಂವ ಅನ್ನೂಹಂಗ.

ಬಾಯಿ ಬಿಟ್ಟಿದ್ದು ಪ್ಲೈವುಡ್ಡೇ ಇರಬೇಕು. ಆದರ ತೋರಸಾಕ ಗುರುತೇ ಉಳಿದಿರಲಿಲ್ಲ. ಸಾವಕಾರರು ಬಗ್ಗಿ ಆ ಕಡೆ ಈ ಕಡೆ ನೋಡಿದ್ರು.

"ಎರಡೂ ಒಂದೇ ನಮೂನಿ ಅದಾವಲ್ರಿ! ಇಷ್ಟು ದಿನಾ ಸುಮ್ನ ನಮ್ಮ ತಲಿ ತಿಂದ್ರಿ."

ಮನಿಗೆ ಬಂದು ಹೆಂಡತಿ ಮುಂದ ಎಲ್ಲಾ ಒದರಾಡಿದೆ. ಆಕಿ ಪೂರಾ ಕೇಳಿ, "ಕಟ್ಟಿಗಿ ಮ್ಯಾಲ ರಂಗೋಲಿ ಚಲೋ ಕುಂತಿತ್ತೇನ್ರಿ?" ಅಂದಳು.