ಪೆದ್ದಬಂಡ ಕೆರೆಯ ಮೂಡಣ ಮೂಲೆ

2021ರ ಬೇಸಿಗೆಯಲ್ಲಿ ನಾನು ಹೈದರಾಬಾದಿನ ಪೂರ್ವದ ಅಂಚಿನಲ್ಲಿರುವ ಒಂದು ಪುರಸಭೆಗೆ ಟೌನ್ ಪ್ಲಾನಿಂಗ್ ಅಧಿಕಾರಿಯಾಗಿ ವರ್ಗವಾಗಿ ಹೋದೆ. ಉಪ್ಪಲ್, ಕುಷಾಯಿಗೂಡ ದಾಟಿ ಇನ್ನೂ ಹೊರಗೆ ಹೋದರೆ ಸಿಗುವ ಊರು. ಅಂದಿನವರಲ್ಲಿ ಕೆಲವರು ಇಂದಿಗೂ ಸೇವೆಯಲ್ಲಿರುವುದರಿಂದ ಊರಿನ ಹೆಸರು ಹೇಳುವುದಿಲ್ಲ. ಕೆರೆಗೂ ಇಲ್ಲಿ ಬೇರೆ ಹೆಸರು ಇಟ್ಟಿದ್ದೇನೆ. ಯಾವ ಜಾಗದಲ್ಲಿ ಏನು ಕಟ್ಟಬಹುದು, ಏನು ಕಟ್ಟಕೂಡದು ಎಂದು ನೋಡುವುದು ನನ್ನ ಕೆಲಸ. ಮನೆ ನಕ್ಷೆಗೆ ಅನುಮತಿ, ರಸ್ತೆ ಅಗಲೀಕರಣ, ಕೆರೆಯಂಚಿನ ಒತ್ತುವರಿ, ಹೀಗೆ. ನಮ್ಮ ಕೋಣೆಗೆ ನಗುತ್ತ ಬರುವವರು ಕಡಿಮೆ.

ನಮ್ಮ ಮನೆತನ ಹುಮನಾಬಾದಿನ ಕಡೆಯದು. ತಂದೆ ಹೈದರಾಬಾದಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ ಇಲ್ಲೇ ಉಳಿದರು. ನಾನು ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಆಡುತ್ತ ಬೆಳೆದವಳು. ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಕನ್ನಡಕ್ಕೆ ಕೆಲಸವೇ ಬಿದ್ದಿರಲಿಲ್ಲ. ಬಿದ್ದದ್ದು ಪೆದ್ದಬಂಡ ಕೆರೆಯ ಗಲಾಟೆಯಲ್ಲಿ.

ಆ ಕೆರೆಗೆ ಸುತ್ತಲ ಕಾಲೊನಿಗಳ ಒಳಚರಂಡಿ ನೀರು ಸೇರುತ್ತಿತ್ತು. ಅಂತರಗಂಗೆ ಬೆಳೆದು ನೀರೇ ಕಾಣುತ್ತಿರಲಿಲ್ಲ. ದಂಡೆಯ ಅಪಾರ್ಟ್‌ಮೆಂಟುಗಳವರು ಕಿಟಕಿ ತೆರೆಯಲಾಗದೆ, ಸೊಳ್ಳೆ ತಾಳಲಾರದೆ ಪುರಸಭೆಗೆ ಅಲೆದು ಸಾಕಾಗಿದ್ದರು. ಅವರ ಮುಂದಾಳು ರಾವ್ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ. ಛಲಗಾರ. ಕೊನೆಗೂ ಕೆರೆ ಶುದ್ಧಿಗೆ ಸರ್ಕಾರದ ಮಂಜೂರಾತಿ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಆದರೆ ಮಂಜೂರಾತಿಯ ಜೊತೆಗೆ ಒಂದು ಹೊಸ ಯೋಜನೆಯೂ ಬಂತು: ಕೆರೆಯ ಸುತ್ತ ವಾಕಿಂಗ್ ಟ್ರ್ಯಾಕ್, ದೋಣಿವಿಹಾರ, ತಿಂಡಿ ಅಂಗಡಿಗಳು, ಮೂಡಣ ಮೂಲೆಯಲ್ಲಿ ಸೂರ್ಯಾಸ್ತ ನೋಡುತ್ತ ಕೂರಲು ಮೆಟ್ಟಿಲು ಮೆಟ್ಟಿಲಾದ ಬಯಲು ರಂಗಮಂದಿರ.

ಮೂಡಣ ಮೂಲೆಯೇ ಏಕೆ ಎಂಬುದನ್ನು ಹೇಳಬೇಕು. ಪ್ರತಿ ಕೆರೆಗೂ ಎಫ್‌ಟಿಎಲ್ ಎಂದು ಒಂದು ಗಡಿ ಇರುತ್ತದೆ. ಕೆರೆ ಪೂರ್ತಿ ತುಂಬಿದಾಗ ನೀರು ನಿಲ್ಲುವ ಗೆರೆ ಅದು. ಅದರ ಒಳಗೂ, ಅದರಾಚೆ ಬಿಡಬೇಕಾದ ಪಟ್ಟಿಯಲ್ಲೂ ಏನನ್ನೂ ಕಟ್ಟುವಂತಿಲ್ಲ. ಪೆದ್ದಬಂಡದ ಸುತ್ತ ಆ ಗಡಿಗಿಂತ ಮೇಲಿದ್ದ ಸರ್ಕಾರಿ ನೆಲವೆಂದರೆ ಮೂಡಣದ ಆ ಒಂದೂವರೆ ಎಕರೆ ದಿಬ್ಬ ಮಾತ್ರ. ಯೋಜನೆ ತಯಾರಿಸಿದ ಕನ್ಸಲ್ಟೆಂಟರ ನಕ್ಷೆಯಲ್ಲಿ ಅದು ಖಾಲಿ ಜಾಗ. ನಾನು ಹೋಗಿ ನೋಡಿದಾಗ ಅದು ಸಮಾಧಿಗಳ ದಿಬ್ಬ.

ಕೆಲವಕ್ಕೆ ಸಿಮೆಂಟಿನ ಕಟ್ಟೆ, ಕೆಲವಕ್ಕೆ ಬರಿ ಕಲ್ಲಿನ ಗುರುತು. ಒಂದರ ಮೇಲೆ ಕನ್ನಡದಲ್ಲಿ ಹೆಸರು ಕೊರೆದಿತ್ತು. ಅರವತ್ತು ದಾಟಿದ ಹೆಂಗಸೊಬ್ಬರು ಕಟ್ಟೆಯೊಂದರ ಮೇಲಿನ ಎಲೆ ಗುಡಿಸುತ್ತಿದ್ದರು. ಅವರೇ ಬಸಮ್ಮ. ದಿಬ್ಬದ ಹಿಂದಿನ ಬಸ್ತಿಯವರು, ಅಂದರೆ ಕೂಲಿಕಾರರ ಕೇರಿಯವರು. ಯಾದಗಿರಿ, ಕಲಬುರಗಿ, ಬೀದರ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರ ಬಸ್ತಿ ಅದು. ಸುತ್ತಲ ಕಾಲೊನಿಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಅವರೇ. ಅವರಲ್ಲಿ ಸತ್ತವರನ್ನು ಸುಡುವ ಪದ್ಧತಿ ಇಲ್ಲ, ಹೂಳುತ್ತಾರೆ. ಊರಿಗೆ ಒಯ್ಯಲಾಗದವರು ಮೊದಮೊದಲು ಯಾರೂ ಕೇಳದ ಈ ದಿಬ್ಬಕ್ಕೆ ತಂದರು. ಆಮೇಲೆ ಅದೇ ರೂಢಿಯಾಯಿತು. ಬಸಮ್ಮನ ಗಂಡ ಅಲ್ಲಿದ್ದ, ಹುಟ್ಟಿದ ತಿಂಗಳಲ್ಲೇ ಹೋದ ಒಂದು ಕೂಸೂ ಅಲ್ಲಿತ್ತು.

ನಾನು ಕನ್ನಡದಲ್ಲಿ ಮಾತಾಡಿಸಿದಾಗ ಅವರು ಪೊರಕೆ ಕೆಳಗಿಟ್ಟು ನನ್ನನ್ನು ಚೆನ್ನಾಗಿ ನೋಡಿದರು. ಯಾವ ಊರು, ಯಾರ ಪೈಕಿ ಎಂದೆಲ್ಲ ವಿಚಾರಿಸಿದರು. ಆಮೇಲೆ ನೇರವಾಗಿ ಕೇಳಿದರು.

“ಬಾಯಾರ, ನೀವು ನಮ್ಮವರೇನ್ರಿ, ಮುನ್ಸಿಪಾಲ್ಟಿಯವರೇನ್ರಿ?”

ಎರಡೂ ಹೌದು ಎಂದೆ.

“ಎರಡೂ ಆಗಾಕ ಬರಂಗಿಲ್ರಿ. ಒಂದ ದಿವಸ ಯಾವುದಾರ ಒಂದ ಹೇಳಬೇಕಾಗ್ತೈತಿ,” ಎಂದು ಮತ್ತೆ ಗುಡಿಸತೊಡಗಿದರು.

ನಾನು ಕಚೇರಿಗೆ ಬಂದು, ಅದು ಬಳಕೆಯಲ್ಲಿರುವ ಸ್ಮಶಾನ, ರಂಗಮಂದಿರ ಬೇರೆಡೆಗೆ ಹೋಗಬೇಕು ಎಂದು ಟಿಪ್ಪಣಿ ಬರೆದೆ. ಕಮಿಷನರ್ ಓದಿ, ಸಭೆಯಲ್ಲಿ ಜನರ ಅಭಿಪ್ರಾಯ ಕೇಳೋಣ ಎಂದರು. ಜನ ಎಂದಾಗ ಅವರ ಮನಸ್ಸಿನಲ್ಲಿ ಯಾರಿದ್ದರೆಂದು ಸಭೆಯ ದಿನ ತಿಳಿಯಿತು.

ಸಭೆ ನಡೆದದ್ದು ಫಂಕ್ಷನ್ ಹಾಲಿನಲ್ಲಿ. ಮುಂದಿನ ಕುರ್ಚಿಗಳಲ್ಲಿ ಅಪಾರ್ಟ್‌ಮೆಂಟಿನವರು, ಹಿಂದೆ ಗೋಡೆಗೆ ಒರಗಿ ಬಸ್ತಿಯವರು. ವೇದಿಕೆಯಲ್ಲಿ ಪುರಸಭೆಯ ಅಧ್ಯಕ್ಷೆ, ಕಮಿಷನರ್, ಕೌನ್ಸಿಲರುಗಳು. ಪರದೆಯ ಮೇಲೆ ಕೆರೆ ನೀಲಿಯಾಗಿ, ದೀಪಗಳಿಂದ ಹೊಳೆಯುತ್ತ ಬಂತು. ರಾವ್ ಎದ್ದು, ಕೆರೆಗಾಗಿ ತಾವು ಪಟ್ಟ ಪಾಡು ಹೇಳಿದರು. ಮಕ್ಕಳು ಸಮಾಧಿಗಳ ನಡುವೆ ಸೈಕಲ್ ಹೊಡೆಯಬೇಕೇ ಎಂದು ಕೇಳಿದರು. ಚಪ್ಪಾಳೆ ಬಿತ್ತು. ಕಮಿಷನರ್, ನಗರದಾಚೆ ಹೆದ್ದಾರಿಯ ಪಕ್ಕ ಬೇರೆ ಜಾಗ ಕೊಡುತ್ತೇವೆ, ಈಗ ಇರುವ ಅವಶೇಷಗಳನ್ನೂ ಗೌರವದಿಂದ ಸ್ಥಳಾಂತರಿಸುತ್ತೇವೆ ಎಂದರು.

ಆಗ ಬಸಮ್ಮ ಎದ್ದು ನಿಂತರು. ಮೈಕು ತಂದುಕೊಟ್ಟರೆ ಕೈಯಿಂದ ಸರಿಸಿದರು. ಕನ್ನಡದಲ್ಲಿ ಮಾತು ಶುರುಮಾಡಿದಾಗ ಅಧ್ಯಕ್ಷೆ ಸೌಜನ್ಯದಿಂದಲೇ, ನಿಮಗೆ ತೆಲುಗು ಬರುತ್ತದಲ್ಲ, ತೆಲುಗಿನಲ್ಲಿ ಹೇಳಿ ಎಂದರು.

“ತೆಲುಗು ಬರ್ತೈತ್ರಿ. ನಿಮ್ಮ ಮನಿ ಕಟ್ಟೂ ಮುಂದ ತೆಲುಗಿನ್ಯಾಗ ಮಾತಾಡೀನಿ. ನನ್ನ ಗಂಡನ ಮಾತು ನನ್ನ ಭಾಷಾದಾಗ ಆಡತೀನಿ.”

ಕಮಿಷನರ್ ನನ್ನ ಕಡೆ ತಿರುಗಿ, ಏನಂತಾರೆ, ಚುಟುಕಾಗಿ ಹೇಳಿ ಎಂದರು. ನಾನು ಎದ್ದು ನಿಂತು, ಗಂಡನನ್ನೂ ಕೂಸನ್ನೂ ಆ ದಿಬ್ಬದಲ್ಲಿ ಹೂತ ಬಗ್ಗೆ ಬಸಮ್ಮ ಆಡಿದ್ದನ್ನೆಲ್ಲ, ಒಂದು ಮಾತೂ ಬಿಡದೆ, ತೆಲುಗಿನಲ್ಲಿ ಹೇಳಿದೆ. ಅವರು ನಿಲ್ಲಿಸಿದಲ್ಲಿ ನಿಲ್ಲಿಸಿದೆ. ಸಾಕು ಎಂದು ಕಮಿಷನರ್ ಕೈ ಸನ್ನೆ ಮಾಡಿದ್ದು ಕಂಡಿತು. ನಾನು ಕೂರಲಿಲ್ಲ.

ಜಾಗ ನಿಮ್ಮದೆನ್ನಲು ಏನು ಕಾಗದ ಇದೆ ಎಂದು ಒಬ್ಬ ಕೌನ್ಸಿಲರ್ ಕೇಳಿದರು.

“ಕಾಗದ ಇಲ್ರಿ. ಮಂದಿ ಅದಾರ,” ಎಂದರು ಬಸಮ್ಮ. “ನಿಮ್ಮ ಬಿಲ್ಡಿಂಗಿಗೆ ಕಲ್ಲು ಹೊರೂ ಮುಂದ ನಮ್ಮನ್ನ ಯಾರೂ ಕಾಗದ ಕೇಳಲಿಲ್ಲ. ಸತ್ತಮ್ಯಾಲ ಕೇಳಾಕತ್ತೀರಿ. ನಾವು ಕೊಡಂಗಿಲ್ರಿ, ಏಳಂಗೂ ಇಲ್ಲ.”

ಅದನ್ನೂ ಅನುವಾದಿಸಿದೆ. ಹಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸಮ್ಮ ಬಾಗಿಲ ಕಡೆ ನಡೆದರು, ಬಸ್ತಿಯವರು ಅವರ ಹಿಂದೆಯೇ ಎದ್ದು ಹೊರನಡೆದರು.

ಮುಂದಿನ ಕೌನ್ಸಿಲ್ ಸಭೆಯಲ್ಲಿ ಯೋಜನೆ ಬಹುಮತದಿಂದ ಪಾಸಾಯಿತು. ನನ್ನ ಟಿಪ್ಪಣಿಯನ್ನು ಯಾರೂ ಓದಲಿಲ್ಲ. ದಿಬ್ಬದ ಸುತ್ತ ತಗಡಿನ ಬೇಲಿ ಬಂತು, ಗೇಟು ಬಂತು, ಗೇಟಿಗೆ ಗುತ್ತಿಗೆದಾರರ ಬೀಗ ಬಂತು. ಇನ್ನು ಅಲ್ಲಿ ಹೂಳಲು ಬಿಡಬಾರದು ಎಂದು ಕಮಿಷನರ್ ಬಾಯಿಮಾತಿನಲ್ಲಿ ಹೇಳಿದರು. ಬಸ್ತಿಯ ಹೆಂಗಸರು ಕೆಲಸಕ್ಕೆ ಹೋಗುವ ಮುನ್ನ ಪ್ರತಿ ಬೆಳಗ್ಗೆ ಆ ಗೇಟಿನೆದುರು ಸ್ವಲ್ಪ ಹೊತ್ತು ಕೂತು ಏಳತೊಡಗಿದರು. ಕೂಗಿಲ್ಲ, ಫಲಕವಿಲ್ಲ. ಬೆಳಗಿನ ವಾಕಿಂಗಿನವರು ಅವರನ್ನು ಸುತ್ತಿಕೊಂಡು ಮುಂದೆ ಹೋಗುತ್ತಿದ್ದರು.

ಹೀಗಿರುವಾಗ ಬಸ್ತಿಯ ಶಿವಣ್ಣ ಮೇಸ್ತ್ರಿ ತೀರಿಕೊಂಡರು. ವಯಸ್ಸಾದವರು, ಕೆಮ್ಮಿನಿಂದ ನರಳುತ್ತಿದ್ದವರು. ಸುದ್ದಿ ಕಚೇರಿಗೆ ಬಂದಾಗ ಮಧ್ಯಾಹ್ನ. ಹೆದ್ದಾರಿ ಪಕ್ಕದ ಜಾಗಕ್ಕೆ ಒಯ್ಯಲು ಪುರಸಭೆಯ ಗಾಡಿ ಕಳಿಸಿದ್ದೇವೆ, ನೀವು ಹೋಗಿ ಅವರಿಗೆ ಅವರ ಭಾಷೆಯಲ್ಲಿ ತಿಳಿಹೇಳಿ ಎಂದು ಕಮಿಷನರ್ ನನ್ನನ್ನು ಕಳಿಸಿದರು.

ನಾನು ಹೋಗುವಷ್ಟರಲ್ಲಿ ಮೆರವಣಿಗೆ ಗೇಟಿನ ಬಳಿ ಬಂದಿತ್ತು. ನಮ್ಮ ಕಡೆಯ ಲಿಂಗಾಯತರ ಪದ್ಧತಿಯಂತೆ ಶಿವಣ್ಣನವರನ್ನು ಹೂವಿನ ವಿಮಾನದಲ್ಲಿ ಕುಳಿತ ಭಂಗಿಯಲ್ಲೇ ತಂದಿದ್ದರು. ಹಣೆ ತುಂಬ ವಿಭೂತಿ. ಬೀಗ ಕಂಡು ವಿಮಾನವನ್ನು ರಸ್ತೆಯ ಮೇಲೇ ಇಳಿಸಿ, ಸುತ್ತ ಕುಳಿತರು. ಭಜನೆ ನಿಲ್ಲಲಿಲ್ಲ. ಪೊಲೀಸ್ ಜೀಪು ಒಂದು ಬದಿಗೆ, ಪುರಸಭೆಯ ಗಾಡಿ ಇನ್ನೊಂದು ಬದಿಗೆ. ಆ ಗಾಡಿಯನ್ನು ಯಾರೂ ತಿರುಗಿ ನೋಡಲಿಲ್ಲ.

ನಾನು ಬಸಮ್ಮನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತೆ. ಕಮಿಷನರ್ ಹೇಳಿದ್ದನ್ನು ಹೇಳಿದೆ. ನೀವು ಯಾರ ಕಡೆಯಿಂದ ಬಂದಿರಿ ಎಂದು ಅವರು ಕೇಳಲಿಲ್ಲ. ಶಿವಣ್ಣನವರ ಮುಖದ ಮೇಲಿನ ನೊಣವನ್ನು ಸೆರಗಿನಿಂದ ಓಡಿಸುತ್ತ ಕೂತಿದ್ದರು. ಬಿಸಿಲು ಇಳಿಯತೊಡಗಿತ್ತು. ದಿನದ ಬೆಳಕಿನಲ್ಲೇ ಮಣ್ಣು ಮಾಡಬೇಕೆಂಬ ಅವಸರ ಅವರಲ್ಲಿ ಎಲ್ಲರಿಗೂ ಇತ್ತು, ಆದರೆ ಒಬ್ಬರೂ ಏಳಲಿಲ್ಲ.

ಅಷ್ಟರಲ್ಲಿ ಎದುರಿನ ಅಪಾರ್ಟ್‌ಮೆಂಟಿನಿಂದ ರಾವ್ ಇಳಿದು ಬಂದರು. ಇನ್ನು ಜಗಳ ಹತ್ತಿತು ಎಂದುಕೊಂಡೆ. ಅವರು ವಿಮಾನದ ಎದುರು ಚಪ್ಪಲಿ ಕಳಚಿ ಕೈಮುಗಿದರು. ಆಮೇಲೆ ನನ್ನ ಬಳಿ ಬಂದು ತೆಲುಗಿನಲ್ಲಿ ಹೇಳಿದ ಮಾತು ಇಂದಿಗೂ ನೆನಪಿದೆ.

“ನಾನು ಇವರ ವಿರುದ್ಧ ಇದ್ದೇನೆ ಮೇಡಂ, ನಾಳೆಯೂ ಇರುತ್ತೇನೆ. ಆದರೆ ಸತ್ತವರನ್ನು ರಸ್ತೆಯಲ್ಲಿ ಕೂರಿಸುವ ಪಕ್ಷ ನನ್ನದಲ್ಲ. ಬೀಗ ತೆಗೆಸಿ.”

ನಾನು ಕಮಿಷನರಿಗೆ ಫೋನು ಮಾಡಿದೆ. ಬಳಕೆಯಲ್ಲಿರುವ ಸ್ಮಶಾನವನ್ನು ಮುಚ್ಚಬೇಕಾದರೆ ಲಿಖಿತ ಆದೇಶ ಬೇಕು, ಅದನ್ನು ಊರಿಗೆಲ್ಲ ತಿಳಿಯುವಂತೆ ಪ್ರಕಟಿಸಬೇಕು. ಅಂಥ ಆದೇಶ ಆಗಿರಲಿಲ್ಲ. ಇದ್ದರೆ ಕಳಿಸಿ, ಇಲ್ಲೇ ಎಲ್ಲರಿಗೂ ಓದಿ ಹೇಳುತ್ತೇನೆ ಎಂದೆ. ನಾನು ಹೇಳುತ್ತಿರುವುದೇ ಆದೇಶ ಎಂದರು ಅವರು. ಹಾಗಾದರೆ ಗೇಟು ತೆಗೆಸುತ್ತಿದ್ದೇನೆ ಸರ್, ಇದನ್ನು ನನ್ನ ಹೆಸರಿನಲ್ಲೇ ಬರೆದುಕೊಳ್ಳಿ ಎಂದು ಫೋನು ಇಟ್ಟೆ.

ಗುತ್ತಿಗೆದಾರರ ಸೂಪರ್‌ವೈಸರ್, ಬರಹದಲ್ಲಿ ಕೊಟ್ಟರೆ ತೆಗೆಯುತ್ತೇನೆ ಎಂದ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಎರಡು ಸಾಲು ಬರೆದು ಸಹಿ ಮಾಡಿಕೊಟ್ಟೆ. ಬೀಗ ತೆರೆಯಿತು. ಪೊಲೀಸರು ತಡೆಯಲಿಲ್ಲ. ಒಳಗೆ ಹೋಗುವಾಗ ಬಸಮ್ಮ ನನ್ನ ರಟ್ಟೆ ಹಿಡಿದು ಜೊತೆಗೆ ಕರೆದುಕೊಂಡರು. ಸೂರ್ಯ ಕೆರೆಯಾಚೆ ಇಳಿಯುವ ಹೊತ್ತಿಗೆ ಶಿವಣ್ಣ ಮೇಸ್ತ್ರಿಯ ಮೇಲೆ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ.

ಆ ವಾರವೇ ನನಗೆ ಷೋಕಾಸ್ ನೋಟಿಸು ಬಂತು. ಶಿಸ್ತುಕ್ರಮ ಏಕೆ ತೆಗೆದುಕೊಳ್ಳಬಾರದು ಎಂದು ಕಾರಣ ಕೇಳುವ ಕಾಗದ ಅದು. ಸ್ಮಶಾನ ಮುಚ್ಚಿದ ಆದೇಶದ ಪ್ರತಿ ಕಳಿಸಿದರೆ ಉತ್ತರಿಸಲು ಅನುಕೂಲವಾಗುತ್ತದೆ ಎಂದು ಬರೆದೆ. ಪ್ರತಿ ಬರಲಿಲ್ಲ, ವರ್ಗಾವಣೆ ಬಂತು. ನಗರದ ಇನ್ನೊಂದು ತುದಿಯಲ್ಲಿ, ನಕ್ಷೆಗೂ ನೆಲಕ್ಕೂ ಸಂಬಂಧವಿಲ್ಲದ ಹುದ್ದೆ. ದಿಲ್‌ಸುಖ್‌ನಗರದ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕ್ಷಮೆ ಕೇಳಿ ಒಂದು ಪತ್ರ ಬರೆದರೆ ಸರಿಹೋಗುತ್ತದೆ ಎಂದು ಸಹೋದ್ಯೋಗಿಗಳು ಹೇಳಿದಾಗ ಬರೆಯಲಿಲ್ಲ.

ನಾನು ಹೋದ ಮೇಲೂ ಹೆಂಗಸರು ಗೇಟಿನೆದುರು ಕೂರುವುದನ್ನು ಬಿಡಲಿಲ್ಲವಂತೆ. ಒಮ್ಮೆ ತೆರೆದ ಬೀಗವನ್ನು ಮತ್ತೆ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ. ಮುಂದಿನ ಸಭೆಯಲ್ಲಿ ರಾವ್, ಸಮಾಧಿಗಳ ಪಕ್ಕ ತಾವು ನಡೆಯುವುದಿಲ್ಲ ಎಂಬ ಹಟ ಬಿಡದೆಯೇ, ನಡುವೆ ಒಂದು ಗೋಡೆ ಕಟ್ಟಿಸಿ ಟ್ರ್ಯಾಕನ್ನು ತಿರುಗಿಸಿ ಎಂದರಂತೆ. ಕೌನ್ಸಿಲ್ ಒಪ್ಪಿತು. ರಂಗಮಂದಿರವನ್ನು ಕೈಬಿಟ್ಟಿತು. ದಿಬ್ಬ ಉಳಿಯಿತು. ಪೂರ್ತಿ ಗೆಲುವೇನಲ್ಲ. ಗೋಡೆ ಬಂದು ದಿಬ್ಬದಿಂದ ನೀರಿಗೆ ಇಳಿಯುವ ದಾರಿ ಮುಚ್ಚಿಹೋಯಿತು. ಸಮಾಧಿ ತೊಳೆಯಲು ನೀರು ಬೇಕಾದರೆ ಕೆರೆಯ ಸುತ್ತ ಆದ ಪಾರ್ಕಿನ ಬಾಗಿಲಿಗೆ ಸುತ್ತಿ ಬರಬೇಕು, ಅಲ್ಲಿ ಟಿಕೆಟ್.

ಜನ ಒಪ್ಪದಿದ್ದರೆ ಅದನ್ನು ಕಡತದಲ್ಲಿ ‘ಅಡಚಣೆ’ ಎಂದು ಬರೆಯಲು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಅದು ತಪ್ಪೆಂದು ನನಗೆ ಕಲಿಸಿದ್ದು ಈ ಕೆಲಸ. ಒಪ್ಪಿದವರ ಹೆಸರು ಉದ್ಘಾಟನೆಯ ಕಲ್ಲಿನ ಮೇಲೆ ಬರುತ್ತದೆ. ಒಪ್ಪದೆ ಕೂತವರಿಂದಲೇ ಊರಿನಲ್ಲಿ ಎಲ್ಲರಿಗೂ ಜಾಗ ಉಳಿಯುತ್ತದೆ. ಅಧಿಕಾರಿಯಾದವಳು ಮಾಡಬೇಕಾದದ್ದು ಇಷ್ಟೇ: ಅವರ ಮಾತನ್ನು ಕತ್ತರಿಸದೆ ಮೇಲಕ್ಕೆ ಮುಟ್ಟಿಸುವುದು, ಮೇಲಿನವರು ಕೇಳದಿದ್ದಾಗ ತನ್ನ ಸಹಿಯನ್ನು ಅಡ್ಡ ಇಡುವುದು.

ನಿವೃತ್ತಳಾದ ಮೇಲೆ ಒಂದು ಬೆಳಗ್ಗೆ ಅಲ್ಲಿಗೆ ಹೋಗಿದ್ದೆ. ಕೆರೆ ನಿಜಕ್ಕೂ ಚೆಂದವಾಗಿದೆ. ನಾನು ಟಿಕೆಟ್ ತೆಗೆದುಕೊಳ್ಳುತ್ತಿದ್ದಾಗ ಬಸಮ್ಮ ಖಾಲಿ ಕೊಡ ಹಿಡಿದು ಬಂದರು. ಕಾವಲಿನವನು ಅಡ್ಡ ನಿಂತು ಟಿಕೆಟ್ ಕೇಳಿದ. ಹೊಸಬನಿರಬೇಕು.

“ಟಿಕೇಟು ನೋಡಾಕ ಬಂದವರಿಗೆ. ನಾನು ನೀರಿಗೆ ಬಂದೀನಿ,” ಎಂದು ಅವರು ನಿಲ್ಲದೆ ಒಳಗೆ ನಡೆದರು.

ಹಿಂದಿರುಗುವಾಗ ತುಂಬಿದ ಕೊಡ ಸೊಂಟದಲ್ಲಿತ್ತು, ಸೀರೆ ಒಂದು ಕಡೆ ನೆನೆದಿತ್ತು. ವಾಕಿಂಗಿನವರು ಬರುತ್ತಿದ್ದ ಟ್ರ್ಯಾಕಿನ ನಟ್ಟನಡುವೆ, ಅವರಿಗೆ ಎದುರಾಗಿ ಬಸಮ್ಮ ನಡೆದು ಬಂದರು. ಒಬ್ಬೊಬ್ಬರೇ ಬದಿಗೆ ಸರಿದು ದಾರಿ ಬಿಟ್ಟರು.